ಮುದ್ದೆಮಾಲಾದ ಇಸ್ಪೀಟು ಕಟ್ಟು

ಮೊದಲಿಗೆ ಕ್ಷಮೆ ಕೇಳಿಕೊಳ್ಳುತ್ತೇನೆ. ಇಸ್ಪೀಟು ಕಟ್ಟೊಂದು ತನ್ನ ಕಥೆ ಹೇಳಲು ಹೊರಟರೆ ಹಿರಿಯರು ಮುಖ ಸಿಂಡರಿಸುತ್ತಾರೆಂದು ನನಗೆ ಗೊತ್ತು. ಮೇಲಾಗಿ ಕಾನೂನಿನ ಮಾತನ್ನೂ ಆಡಬೇಕಾಗಿದೆ. ಕೋರ್ಟಿನಲ್ಲಿ ಕಿವಿಗೆ ಬಿದ್ದಷ್ಟೇ ನನ್ನ ವಿದ್ಯೆ. ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಬೇಕು.

ನಾನು ಹುಟ್ಟಿದ್ದು ಒಂದು ಅಚ್ಚುಕೂಟದಲ್ಲಿ. ಎರಡು ಹಾಳೆಗಳ ನಡುವೆ ಕಪ್ಪು ಅಂಟು ಬಳಿದು ಒತ್ತಿದರು. ಬೆಳಕಿಗೆ ಹಿಡಿದರೂ ಎಲೆಯ ಆಚೆ ಬದಿ ಕಾಣಬಾರದೆಂದು ಹಾಗೆ ಮಾಡುತ್ತಾರಂತೆ. ಆಮೇಲೆ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಮಿರುಗುವ ಕಾಗದ ಸುತ್ತಿದರು.

ಮದ್ದೂರು ಕಡೆಯ ಒಂದು ಅಂಗಡಿಯಲ್ಲಿ ನನ್ನನ್ನು ಕೊಂಡವನು ಬೋರಲಿಂಗ. ಕರೆಂಟು ಕಂಬ ಹತ್ತುವ ದಿನಗೂಲಿ ಲೈನ್‌ಮನ್. ಸಂಜೆ ಕೆಲಸದಿಂದ ಬಂದು ಕೈಕಾಲು ತೊಳೆದು, ಹೆಂಡತಿ ನಿಂಗಾಜಮ್ಮನ ಜೊತೆ ಜಗಲಿಯಲ್ಲಿ ರಮ್ಮಿಗೆ ಕೂರುತ್ತಿದ್ದ. ಪಣಕ್ಕೆ ಹುಣಸೆಬೀಜ.

"ಆ ರಾಣಿನ ಎಷ್ಟೊತ್ತು ತಬ್ಕಂಡಿದ್ದೀರಿ? ಕೆಳಕ್ಕೆ ಬುಡಿ, ನಂಗೆ ಬೇಕು," ಎನ್ನುತ್ತಿದ್ದಳು ಅವಳು.

"ಕಂಬ ಹತ್ತೋನ ಕೈ ಕಣಮ್ಮಿ. ಹಿಡಿದ್ರೆ ಬುಡಾಕಿಲ್ಲ."

ಅವಳು ಪ್ರತಿ ಎಲೆಯನ್ನೂ ಎರಡು ಸಲ ನೋಡಿ, ಯೋಚಿಸಿ, ಮೆಲ್ಲಗೆ ಜೋಡಿಸುತ್ತಿದ್ದಳು. ಒಗ್ಗರಣೆಯ ಘಮ ಹತ್ತಿದ ಆ ಬೆರಳುಗಳಷ್ಟು ಒಳ್ಳೆಯ ಜಾಗ ಇನ್ನೊಂದು ನನಗೆ ಸಿಕ್ಕಿಲ್ಲ.

ಮೂರು ವರ್ಷ ಹೀಗೆ ಕಳೆಯಿತು. ಆ ಸಲ ಯುಗಾದಿಯ ಹೊತ್ತಿಗೆ ಬೋರಲಿಂಗನ ಕೆಲಸ ಕಾಯಂ ಆಗುವ ಸುದ್ದಿ ಹಬ್ಬಿತ್ತು. ಪಟ್ಟಿಯಲ್ಲಿ ಅವನ ಹೆಸರಿತ್ತು, ಆದೇಶ ಬಂದಿರಲಿಲ್ಲ. ಯುಗಾದಿಯ ಮಾರನೆಯ ದಿನ ಹೊಸತೊಡಕು. ವರ್ಷವೆಲ್ಲ ಎಲೆ ಮುಟ್ಟದವರೂ ಆ ಕಡೆ ಅಂದು ಬಾಡೂಟ ಮುಗಿಸಿ ಆಟಕ್ಕೆ ಕೂರುತ್ತಾರೆ. ಅಂದು ಗೆದ್ದವನಿಗೆ ವರ್ಷವಿಡೀ ಗೆಲುವು ಎಂಬ ನಂಬಿಕೆ. ಬೋರಲಿಂಗನಿಗೆ ತನ್ನ ವರ್ಷ ಹೇಗಿದೆಯೆಂದು ನೋಡಿಬಿಡುವ ಆಸೆ. ನನ್ನನ್ನು ಜೇಬಿಗೆ ಹಾಕಿಕೊಂಡ.

ನಿಂಗಾಜಮ್ಮ ಬಾಗಿಲಿಗೆ ಬಂದಳು. "ರಮ್ಮಿಯಾದ್ರೆ ಆಡಿ. ಆ ಅಂದರ್ ಬಾಹರ್‌ಗೆ ಕೂತ್ರೆ ನನ್ ಜೊತೆ ಇನ್ಯಾವತ್ತೂ ಆಟಕ್ಕೆ ಕೂರ್ಬೇಡಿ. ನಮ್ಮಪ್ಪ ಅದ್ರಲ್ಲೇ ಗದ್ದೆ ಕಳ್ದಿದ್ದು."

"ರಮ್ಮಿನೇ ಕಣಮ್ಮಿ."

ಕೆರೆ ಏರಿಯ ಹೊಂಗೆ ಮರದ ಕೆಳಗೆ ಅವನೂ ಸೇರಿ ಆರು ಜನ ಕೂತರು. ತಲೆಗೆ ಏಳೇಳು ಎಲೆ ಹಂಚಿ ಒಂದು ಸುತ್ತು ರಮ್ಮಿಯೇ ನಡೆಯಿತು. ಆಮೇಲೆ ಒಬ್ಬ ಗೊಣಗಿದ: "ಹಬ್ಬದ ದಿನ ಇದೇನ್ಲಾ, ಲೆಕ್ಕದ ಮೇಷ್ಟ್ರಂಗೆ ಜೋಡಿಸ್ತಾ ಕೂತಿದ್ದೀಯ? ಎಸಿ ಅತ್ಲಾಗೆ!" ಅಂದರ್ ಬಾಹರ್ ಶುರುವಾಯಿತು. ನಡುವೆ ಒಂದು ಎಲೆ ತೆರೆದಿಟ್ಟು, ಅದರ ಜೋಡಿ ಒಳಗೆ ಬೀಳುತ್ತದೋ ಹೊರಗೋ ಎಂದು ಪಣ ಕಟ್ಟುವುದು. ಅದರಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ. "ಒಳಗೆ," ಎಂದ ಬೋರಲಿಂಗ. ಜೋಡಿ ಬೀಳುವ ಮೊದಲೇ ಪೊಲೀಸ್ ಜೀಪು ಬಂತು.

ಪೇದೆ ನನ್ನನ್ನು ಗುಡ್ಡೆ ಹಾಕಿ ಪಂಚನಾಮೆಯಲ್ಲಿ "ಅಂದರ್ ಬಾಹರ್ ಜೂಜು, ೫೨ ಇಸ್ಪೀಟು ಎಲೆಗಳು" ಎಂದು ಬರೆದ. ಕಾಗದ ಸುತ್ತಿ ಅರಗಿನ ಮುದ್ರೆ ಒತ್ತಿದ. ಹೀಗೆ ನಾನು ಮುದ್ದೆಮಾಲಾದೆ. ಎಂದರೆ, ಕೇಸು ಮುಗಿಯುವವರೆಗೆ ಕೋರ್ಟಿನ ಅಲಮಾರಿನಲ್ಲಿ ಇರಬೇಕಾದ ವಸ್ತು.

ಪಕ್ಕದಲ್ಲಿ ಲಾಟರಿ ಟಿಕೆಟ್ಟುಗಳ ಹಳೆಯ ಕಟ್ಟೊಂದಿತ್ತು. ನನ್ನ ಕಾನೂನು ಪಾಠ ನಡೆದದ್ದು ಅದರ ಬಳಿಯೇ.

"ನಿಮ್ಮ ವಂಶದ ಮೇಲೆ ಬ್ರಿಟಿಷರ ಕಾಲದಿಂದಲೂ ಕಣ್ಣಿದೆಯಪ್ಪ," ಎಂದಿತು ಅದು. "ಈಗ ನಿನ್ನನ್ನು ಹಿಡಿದಿರುವುದು ಅರವತ್ತಮೂರರ ಪೊಲೀಸ್ ಕಾಯ್ದೆ. ಕುದುರೆ ಪಂದ್ಯ ಪರವಾನಗಿ ಪಡೆದು ಓಡುತ್ತಿದೆ. ನನ್ನ ಪಾಡು ನೋಡು. ಸರ್ಕಾರವೇ ಅಚ್ಚು ಹಾಕಿಸಿ ಬಸ್‌ಸ್ಟ್ಯಾಂಡಿನಲ್ಲಿ ಕೂಗಿ ಮಾರಿಸುತ್ತಿತ್ತು. ಎರಡು ಸಾವಿರದ ಏಳರಲ್ಲಿ ನಿಷೇಧವಾಯಿತು. ಒಂದು ಬೆಳಿಗ್ಗೆ ಎದ್ದರೆ ನಾನೇ ಅಪರಾಧ!"

ಅದೃಷ್ಟವನ್ನು ಮಾರುವುದು ಯಾವಾಗ ಸರಿ, ಯಾವಾಗ ತಪ್ಪು ಎಂದು ನಾನು ಎಷ್ಟೋ ದಿನ ಯೋಚಿಸಿದೆ. ನನ್ನ ತಲೆಗೆ ಹತ್ತಲಿಲ್ಲ.

ಉಳಿದ ಐವರು ಮೊದಲ ದಿನವೇ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಊಟಕ್ಕೆ ಹೋದರು. ಎಲ್ಲರೂ ಮಾಡುವುದೇ ಹಾಗೆ. ಬೋರಲಿಂಗ ಒಪ್ಪಲಿಲ್ಲ. ಶಿಕ್ಷೆಯೆಂದು ದಾಖಲಾದರೆ ಕಾಯಂ ಆದೇಶ ಸಿಗದೆಂದು ಅವನ ಮೇಲಿನವರು ಹೇಳಿದ್ದರು. ಎರಡು ವರ್ಷ ಅಲೆದ. ಪ್ರತಿ ಸಲ ಅಲಮಾರಿನ ಬಾಗಿಲು ತೆರೆದಾಗ, ಜಗಲಿಗೇ ಕರೆದೊಯ್ಯುತ್ತಾರೇನೋ ಎಂದು ನಾನು ಆಸೆಪಡುತ್ತಿದ್ದೆ.

ಕೊನೆಗೆ ವಿಚಾರಣೆ ಬಂತು. ಬೋರಲಿಂಗನ ವಕೀಲೆ ಸುಲೋಚನಾ ಅರಸು ಎದ್ದು ನಿಂತರು. "ರಮ್ಮಿ ಬುದ್ಧಿಯ ಆಟ, ಸ್ವಾಮಿ. ಕಾನೂನಿನ ಪ್ರಕಾರ ಅದು ಜೂಜಲ್ಲ. ಇವರು ಆಡುತ್ತಿದ್ದದ್ದು ರಮ್ಮಿ. ಕಟ್ಟು ಬಿಚ್ಚಿ ಎಣಿಸಲಿ."

ಗುಮಾಸ್ತರು ಎಣಿಸಿದರು. ಐವತ್ತಮೂರು.

ಇದನ್ನು ಮೊದಲೇ ಹೇಳಬೇಕಿತ್ತೇನೋ. ಅಂಗಡಿಯಿಂದ ಬಂದ ಜೋಕರ್‌ಗಳನ್ನು ಮೇಕೆ ಮೇದಿತ್ತು. ನಿಂಗಾಜಮ್ಮ ಒಂದು ಲಗ್ನಪತ್ರಿಕೆ ಕತ್ತರಿಸಿ, ಕಂಬ ಹತ್ತಿದ ಕೋತಿಯೊಂದನ್ನು ಬರೆದು, ಗಂಡನ ಮೀಸೆಯನ್ನು ಅದಕ್ಕೆ ಅಂಟಿಸಿದಂತೆ ತಿದ್ದಿ ನನ್ನೊಳಗೆ ಸೇರಿಸಿದ್ದಳು.

ನ್ಯಾಯಾಧೀಶರು ಕೋತಿಯನ್ನು ನೋಡಿದರು, ಬೋರಲಿಂಗನ ಮೀಸೆಯನ್ನೂ ನೋಡಿದರು. ಪೇದೆಯನ್ನು ಕೇಳಿದರು: "ಅವತ್ತು ಎಣಿಸಿದ್ರೇನ್ರೀ?"

"ಇಲ್ಲ ಸ್ವಾಮಿ. ಇಸ್ಪೀಟು ಅಂದ್ಮೇಲೆ ಐವತ್ತೆರಡೇ ಬರೆಯೋದು."

"ರಮ್ಮಿಗಾದರೆ ಜೋಕರ್ ಬೇಕು. ಅಂದರ್ ಬಾಹರ್‌ಗೆ ಯಾಕೆ ಸ್ವಾಮಿ?" ಎಂದರು ವಕೀಲೆ. ನ್ಯಾಯಾಧೀಶರು ಸಂದೇಹದ ಲಾಭ ಕೊಟ್ಟು ಬೋರಲಿಂಗನನ್ನು ಬಿಡುಗಡೆ ಮಾಡಿದರು. ನನಗೆ ಬೆಲೆಯಿಲ್ಲವೆಂದೂ, ಮೇಲ್ಮನವಿಯ ಅವಧಿ ಕಳೆದ ಮೇಲೆ ನಾಶಪಡಿಸಬೇಕೆಂದೂ ಬರೆಸಿದರು.

ನಿಜ ಏನೆಂದು ನನಗೆ ಗೊತ್ತಿತ್ತು. ಅವನು ಬಿಡುಗಡೆಯಾದದ್ದಕ್ಕೆ ಸಂತೋಷಪಟ್ಟೆ. ಸಂತೋಷಪಟ್ಟದ್ದು ಸರಿಯೋ ಎಂಬ ಅಳುಕು ಇನ್ನೂ ಹೋಗಿಲ್ಲ.

ಗುಮಾಸ್ತರು ನನ್ನನ್ನು ಅಲಮಾರಿಗೆ ಇಡುವಾಗ ನಿಂಗಾಜಮ್ಮ ಬಾಗಿಲ ಬಳಿ ನಿಂತಿದ್ದಳು. "ನಮ್ಮ ಎಲೆ ಕೊಡಿ ಸಾಮಿ."

"ಬರಾಕಿಲ್ಲ ಕಣವ್ವ, ಆರ್ಡರ್ ಆಗದೆ. ಸಂತೇಲಿ ಹೊಸಾದು ತಗೋ."

ಅವಳು ಗಂಡನ ಕಡೆ ತಿರುಗಿದಳು. ಅವನ ಮುಖದಲ್ಲಿ ಇನ್ನೂ ನಗುವಿತ್ತು.

"ಕೋರ್ಟು ಹೇಳಿದ್ದು ಕೇಳಿಸ್ಕಂಡೆ. ಈಗ ನೀವು ಹೇಳಿ. ಅವತ್ತು ಆಡಿದ್ದು ರಮ್ಮಿನೇ ತಾನೇ?"

ನಗು ಇಳಿಯಿತು. ಅವನು ತುಟಿ ತೆರೆದ. ಅಷ್ಟರಲ್ಲಿ ಗುಮಾಸ್ತರು ಅಲಮಾರು ಮುಚ್ಚಿ ಬೀಗ ಹಾಕಿದರು.

ನನ್ನನ್ನು ನಾಶಪಡಿಸುವುದನ್ನು ಯಾರೋ ಮರೆತಿದ್ದಾರೆ. ಅಂಚುಗಳನ್ನು ಹುಳು ತಿನ್ನುತ್ತಿದೆ. ಸಂಜೆಯಾದರೆ ಈಗಲೂ ಆ ಬೆರಳುಗಳಿಗಾಗಿ ಹಂಬಲಿಸುತ್ತೇನೆ. ಬೋರಲಿಂಗ ಕಾಯಂ ಆದನೋ ಇಲ್ಲವೋ ತಿಳಿಯದು. ಅವರಿಬ್ಬರೂ ಮತ್ತೆ ಆಟಕ್ಕೆ ಕೂತರೋ, ಅದೂ ತಿಳಿಯದು. ಅವಳ ಮಾತಿಗೆ ಅವನು ಏನು ಹೇಳಿದನೆಂಬುದು ನನಗೆ ಕೇಳಿಸಲೇ ಇಲ್ಲ.