ಎಡಗಡೆಯ ಸ್ಪೀಕರ್

“ಎರಡೂ ಕೇಳುಸ್ಕತವೆ ಅತ್ಗೆ. ಆದ್ರೆ ತಿರುಗಿ ಮಾತಾಡದು ಎಡಗಡೇದು ಒಂದೇಯ,” ಎಂದ ಮೃತ್ಯುಂಜಯ, ಟೀವಿಯ ಎರಡು ಬದಿಗೂ ಒಂದೊಂದು, ಕೇಳಿದ್ದಕ್ಕೆ ಉತ್ತರ ಹೇಳುವ ಸ್ಪೀಕರ್ ಇಟ್ಟು ಹಿಂದೆ ಸರಿದು ನೋಡುತ್ತ.

ದ್ರಾಕ್ಷಾಯಣಿ ಎಡಗಡೆ ನೋಡಿದಳು. ಕಿಟಕಿಯ ಪಕ್ಕ ಕೂತಿದ್ದದ್ದು ಅವನ ಹೆಂಡತಿ ತನುಜಳದ್ದು. ಮೈದುನನ ಮದುವೆಯಾಗಿ ಇನ್ನೂ ಮೂರು ತಿಂಗಳಾಗಿರಲಿಲ್ಲ. ಉಡುಗೊರೆಗಳ ನಡುವಿನಿಂದ ಅದು ಹೊರಬಂದ ದಿನವೇ ಅವಳು ತನ್ನದರ ಪಕ್ಕ ಇಟ್ಟು ನೋಡಿದ್ದಳು. ಅದೇ ಕಂಪನಿ, ಅದೇ ಬೂದು ಬಣ್ಣ. ಬಣ್ಣವಾದರೂ ಬೇರೆ ಇರಬಾರದಿತ್ತೆ! ಬಲಗಡೆ, ಅಡುಗೆಮನೆಯ ಬಾಗಿಲ ಹತ್ತಿರ ಇದ್ದದ್ದು ಅವಳದು. ಹೋದ ವರ್ಷ ಗೌರಿಹಬ್ಬಕ್ಕೆ ಮಾರನಹಳ್ಳಿಯ ತಮ್ಮ ಸೀರೆಯ ಜೊತೆ ತಂದುಕೊಟ್ಟದ್ದು.

ಆ ಸ್ಪೀಕರಿನಿಂದ ಅವಳಿಗೆ ಮನೆಯಲ್ಲಿ ಒಂದು ಸ್ಥಾನ ಬಂದಿತ್ತು, ಮುಚ್ಚಿಡುವುದೇಕೆ? ಮಾವ ಶಾಂತಮಲ್ಲಪ್ಪನವರು ಹತ್ತು ವರ್ಷದಲ್ಲಿ ಹಿರಿಸೊಸೆಯ ಜೊತೆ ಆಡಿದ ಮಾತು ಒಂದು ಹಿಡಿಯಷ್ಟೂ ಇರಲಿಲ್ಲ. ಕಾಫಿ ಗಿಡದ ಹೂವಿಗೆ ಮಳೆ ಬೇಕು, ಕಣದಲ್ಲಿ ಒಣಗುವ ಮೆಣಸಿಗೆ ಮಳೆ ಬೇಡ. ಈ ಎರಡರ ನಡುವೆ ಸಿಕ್ಕಿ ಒದ್ದಾಡುವ ಮನುಷ್ಯ, ಸ್ಪೀಕರ್ ಬಂದ ಮೇಲೆ ದಿನಾ ಬೆಳಿಗ್ಗೆ “ದ್ರಾಕ್ಷಾಯಣಿ, ಮಳೆ ಏನಂತವ್ವ?” ಎನ್ನತೊಡಗಿದ್ದರು. ಅದು ಇಂಗ್ಲಿಷಿನಲ್ಲಿ ಒದರಿದ್ದನ್ನು ಅವಳು ಕನ್ನಡದಲ್ಲಿ ಹೇಳುವಳು. ಅರ್ಥವಾಗದಿದ್ದರೆ ಬಾಗಿಲಿಗೆ ಹೋಗಿ ಆಕಾಶ ನೋಡಿ ಹೇಳುವಳು. ಮಾವ ಎರಡನ್ನೂ ಒಂದೇ ಸಮ ನಂಬುತ್ತಿದ್ದರು.

ಆದರೆ ಮೊನ್ನೆ ಸೋಮವಾರ ಅವರು ಕೇಳಿದ್ದು ತನುಜಳನ್ನು. ಬಿ.ಕಾಂ. ಓದಿದ ಹುಡುಗಿ, ಮಳೆ ಎಷ್ಟು ಗಂಟೆಗೆ, ಗಾಳಿ ಯಾವ ಕಡೆಗೆ ಎಂದೆಲ್ಲ ಬಿಡಿಸಿ ಹೇಳಿದಳು. ಮಾವ “ಓಹೋ!” ಎಂದರು. ದ್ರಾಕ್ಷಾಯಣಿಗೆ ಆ ಮನೆಯಲ್ಲಿ ಇದುವರೆಗೆ ಒಂದೂ ಓಹೋ ಸಿಕ್ಕಿರಲಿಲ್ಲ. ಅವತ್ತು ಮಧ್ಯಾಹ್ನ ಅವಳಿಗೆ ಊಟ ಸೇರಲಿಲ್ಲ.

“ಹಂಗಾರೆ ನಂದುನ್ನೇ ಆ ಕಡೆ ಇಡಪ್ಪ” ಎಂಬ ಮಾತು ಈಗ ನಾಲಿಗೆಯ ತುದಿಗೆ ಬಂತು. ಆಡಿದರೆ ಹೊಟ್ಟೆಕಿಚ್ಚು ಬಯಲಾಗುತ್ತದೆಂದು ನುಂಗಿಕೊಂಡಳು.

ಮೃತ್ಯುಂಜಯ ಅವಳ ಸ್ಪೀಕರನ್ನು ಎತ್ತಿ ಬುಡದ ಗುಂಡಿ ಒತ್ತಿ ಹಿಡಿದ. “ಜೋಡಿ ಆಗ್ಬೇಕಂದ್ರೆ ಎರಡೂ ಒಂದೇ ಫೋನಲ್ಲಿರ್ಬೇಕು ಅತ್ಗೆ. ತನುಜನ್ ಫೋನಿಗೆ ಸೇರಿಸ್ಬುಡ್ತೀನಿ. ನಿಮ್ ಫೋನು ಆಗಾಗ ಸತ್ತೋಯ್ತದೆ.”

“ಮತ್ತೆ ಇದ್ರಲ್ಲಿರದೆಲ್ಲಾ?”

“ಅಳಿಸೋಯ್ತದೆ. ಇದ್ರಲ್ಲೇನೈತೆ ಬುಡಿ.”

ದಿನಾ ಗುಡ್ ಮಾರ್ನಿಂಗ್ ಜೊತೆ ಅದು ಹೇಳುತ್ತಿದ್ದ ತನ್ನ ಹೆಸರೊಂದು ಬಿಟ್ಟರೆ ಏನೂ ಇರಲಿಲ್ಲ ನಿಜ. ಆದರೂ ಅವಳಿಗೆ ಅಳು ಬಂದಂತಾಯಿತು, ಅದರ ಹಿಂದೆಯೇ ಸಿಟ್ಟು ಬಂತು.

ವೈಫೈ ಡಬ್ಬಿ ಜಗಲಿಯಲ್ಲಿತ್ತು. ಅವನು ಹೆಂಡತಿಯ ಫೋನ್ ಹಿಡಿದು ಅಲ್ಲಿಗೆ ಹೋಗಿ ಕೂಗಿದ: “ಅತ್ಗೆ, ಅಪ್ಪಾಜಿ ಕುರ್ಚೀಲಿ ಕೂತ್ಕಳಿ. ಒಂದ್ರಲ್ಲಿ ಟಿಣ್ ಅಂತದೆ. ಯಾವ್ ಕಡೇದು ಹೇಳಿ, ಫೋನ್ ಕೇಳ್ತಾ ಐತೆ.”

ಟಿಣ್ ಎಂದಿತು. ಕಿಟಕಿಯ ಕಡೆಯಿಂದ, ಸಂಶಯವೇ ಇಲ್ಲ.

“ಎಡವೋ ಬಲವೋ?”

ಹಿತ್ತಿಲಿನಲ್ಲಿ ತನುಜ ಬಟ್ಟೆ ಒಗೆಯುತ್ತ ಹಾಡಿಕೊಳ್ಳುತ್ತಿದ್ದಳು.

“ಬಲ,” ಎಂದಳು ದ್ರಾಕ್ಷಾಯಣಿ.

“ಸರಿಯಾಗ್ ಕೇಳುಸ್ತಾ?”

“ನನ್ ಕಿವಿ ನೆಟ್ಟಗೈತೆ ಕಣಪ್ಪ. ಬಲಗಡೇದೇ.”

ಹಾಗೆ ಫೋನಿನ ಪಾಲಿಗೆ ತನುಜಳದ್ದು ಬಲವಾಯಿತು, ದ್ರಾಕ್ಷಾಯಣಿಯದು ಎಡವಾಯಿತು. ಸಂಜೆ ಎಲ್ಲರೂ ಕೂತು ಹಾಡು ಕೇಳಿದರು. ತಬಲ ಬರಬೇಕಾದ ಕಡೆಯಿಂದ ಕೊಳಲು ಬಂದರೆ ಯಾರಿಗೆ ತಿಳಿಯಬೇಕು? ಹಾಡು ಬದಲಿಸು ಎಂದರೆ “ಓಕೆ” ಎನ್ನುತ್ತಿದ್ದದ್ದು ಮಾತ್ರ ಅಡುಗೆಮನೆಯ ಬಾಗಿಲಿನದು.

“ಅಕ್ಕ, ನಿಮ್ದೇ ಮಾತಾಡ್ತೈತಲ್ಲ!” ಎಂದು ತನುಜ ನಕ್ಕಳು. ಅವಳಿಗೆ ಒಂಚೂರೂ ಬೇಜಾರಾಗಲಿಲ್ಲ. ಅದೊಂದನ್ನು ದ್ರಾಕ್ಷಾಯಣಿಗೆ ಸಹಿಸಲಾಗಲಿಲ್ಲ.

ಮರುದಿನ ಅವಳು ಎಲ್ಲರಿಗಿಂತ ಮೊದಲು ಎದ್ದು ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡಳು. ಮಾವ ಜಗಲಿಯಲ್ಲಿ ಮೊರ ಹಿಡಿದು, ಮೆಣಸಿನೊಳಗಿನ ಕಡ್ಡಿ ಆರಿಸುತ್ತ ಕೂತಿದ್ದರು. ತನುಜಳ ಕೋಣೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ದ್ರಾಕ್ಷಾಯಣಿ ಕಾಫಿಗೆ ಹಾಲಿಟ್ಟು, ತನ್ನ ಸ್ಪೀಕರಿನ ಮುಂದೆ ಬಂದು ನಿಂತು, ಗುಡ್ ಮಾರ್ನಿಂಗ್ ಹೇಳಿ ಮಳೆಯ ಸುದ್ದಿ ಕೇಳಿದಳು.

“ಗುಡ್ ಮಾರ್ನಿಂಗ್, ತನುಜಾ,” ಎಂದಿತು ಅದು, ಜಗಲಿಗೂ ಕೇಳುವಂತೆ. ಆಮೇಲೆ ಇವತ್ತು ಮಳೆಯಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿತು.

ಮಾವ ಮೊರದಿಂದ ಕಣ್ಣು ತೆಗೆಯಲಿಲ್ಲ. “ಎದ್ಯೇನವ್ವ ತನುಜಾ? ಏನಂತೆ ಮಳೆ?”

“ನಾನು, ಮಾವ” ಎನ್ನಬೇಕಿತ್ತು. ದನಿಯಿಂದಲೇ ತಿಳಿಯಲಿ ಎಂದುಕೊಂಡು, “ಇವತ್ತಿಲ್ವಂತೆ ಮಾವ,” ಎಂದಳು.

“ಒಳ್ಳೇದಾಯ್ತು ಕಣವ್ವ. ನಿಮ್ಮಕ್ಕ ಎದ್ದಿದ್ರೆ ಒಂದ್ ಲೋಟ ಕಾಫಿ ಕೊಡಕ್ಕೇಳು.”

ದ್ರಾಕ್ಷಾಯಣಿ ಒಳಗೆ ಹೋದಳು. ಕಾಫಿ ಸೋಸಿ, ಸಕ್ಕರೆ ಬೆರೆಸಿ, ಲೋಟ ತಂದು ಅವರ ಪಕ್ಕದಲ್ಲಿ ನಿಂತಳು. ಮಾವ ಒಂದು ಕೈಯಲ್ಲಿ ಕಡ್ಡಿ ಆರಿಸುತ್ತಲೇ ಇನ್ನೊಂದು ಕೈ ಚಾಚಿದರು. ಅವಳು ಕೊಡಲಿಲ್ಲ. ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವರು ತಲೆಯೆತ್ತಲಿ ಎಂದು ನಿಂತೇ ಇದ್ದಳು.