ಡಬ್ಬಿಗಿಟ್ಟ ಕುಂಕುಮ

ಆಯುಧಪೂಜೆಯ ದಿನ ಯಾವ ಯಂತ್ರವನ್ನೂ ಮುಟ್ಟಬಾರದು ಎಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮಣ್ಣಿಗೆ ಹಬ್ಬ ಗೊತ್ತೇ?

ಆಗ ಐವತ್ತೇಳನೇ ಇಸವಿ. ನಜರ್‌ಬಾದಿನ ಹಳೇ ಬಂಗಲೆಯೊಂದರಲ್ಲಿ ನಮ್ಮ ಮಣ್ಣು ಪರೀಕ್ಷೆಯ ಲ್ಯಾಬು. ನಾನು ನೀಲಮ್ಮ, ಬಿ.ಎಸ್ಸಿ. ಓದಿ ಹೊಸದಾಗಿ ಸೇರಿದವಳು. ಚಿಕ್ಕ ವಯಸ್ಸಿಗೇ ವಿಧವೆ, ಕೋಪ ಮಾತ್ರ ಮೂಗಿನ ತುದಿಯಲ್ಲೇ. ಹೊಸ ಕೆರೆಯೊಂದರ ಏರಿಗೆ ಹಾಕುವ ಮಣ್ಣು ಪರೀಕ್ಷೆಗೆ ಬಂದಿತ್ತು. ಅವತ್ತು ಆಯುಧಪೂಜೆ, ಮಾರನೇ ದಿನ ವಿಜಯದಶಮಿ, ಕೆಲಸ ಶುರುಮಾಡಲು ಮುಹೂರ್ತ. ಮಣ್ಣಿನಲ್ಲಿ ನೀರು ನೂರಕ್ಕೆ ಹದಿನೆಂಟು ಮೀರಿದರೆ ಏರಿ ನಿಲ್ಲುವುದಿಲ್ಲ. ಏರಿಯ ಕೆಳಗೇ ಊರು.

ಹಸಿ ಮಣ್ಣನ್ನು ಡಬ್ಬಿ ಸಮೇತ ತೂಗಿ, ಓವನ್ನಿನಲ್ಲಿ ಒಣಗಿಸಿ, ಮತ್ತೆ ತೂಗಬೇಕು. ಕಮ್ಮಿಯಾದ ತೂಕವೇ ನೀರು. ಬೆಳಿಗ್ಗೆ ಒಣಗಿದ ಡಬ್ಬಿಗಳನ್ನು ಬಿಸಿ ಆರಲೆಂದು ಗಾಜಿನ ಜಾಡಿಯಲ್ಲಿಟ್ಟು ಕಾಫಿಗೆ ಹೋದೆ.

ಬಂದು ನೋಡಿದರೆ ಅಟೆಂಡರ್ ಜವರಪ್ಪ ಪೂಜೆ ಮುಗಿಸಿದ್ದ. ತಕ್ಕಡಿಗೆ ಸೇವಂತಿಗೆ ಹಾರ, ಓವನ್ನಿಗೆ ವಿಭೂತಿ. ಅಷ್ಟಕ್ಕೇ ಬಿಟ್ಟನೇ ಪುಣ್ಯಾತ್ಮ? ಜಾಡಿ ತೆಗೆದು ಒಂದೊಂದು ಡಬ್ಬಿಗೂ ಧಾರಾಳವಾಗಿ ಗಂಧ ಬಳಿದು ಮೇಲೆ ಕುಂಕುಮ ಒತ್ತಿದ್ದ. ಆಮೇಲೆ ಎಲ್ಲರಿಗೂ ಕುಂಕುಮದ ತಟ್ಟೆ ಹಿಡಿದ. ನನ್ನ ಹತ್ತಿರ ಬಂದಾಗ ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ತಗಡಿನ ಡಬ್ಬಿಗಿದ್ದ ಯೋಗ್ಯತೆ ನನಗಿರಲಿಲ್ಲ.

ತೂಗಿದೆ. ಸಿಟ್ಟಿನಲ್ಲಿ ಗಂಧದ ಸಮೇತವೇ ತೂಗಿದ್ದೆ; ನೀರು ಹದಿನೇಳೂವರೆ ಬಂತು.

"ಮುಗೀತಲ್ಲ, ತಾಯಿ ದಯೆ!" ಎಂದರು ನಮ್ಮ ಅಧಿಕಾರಿ ಪ್ರಭುಸ್ವಾಮಿ. "ರಿಪೋರ್ಟ್ ಬರೆದ್ಬಿಡಿ, ಜೀಪು ಕಾಯ್ತಿದೆ."

"ಗಂಧಾನೂ ಸೇರಿಸಿ ತೂಗಿದೀವಿ ಸಾರ್. ಅದರ ತೂಕ ಮಣ್ಣಿನ ಲೆಕ್ಕಕ್ಕೆ ಹೋಗಿ ನೀರು ಕಮ್ಮಿ ಕಾಣ್ತಿದೆ. ಒರೆಸಿ ತೂಗ್ಬೇಕು."

"ನನಗೂ ಗೊತ್ತು ಕಣಮ್ಮ. ಆದ್ರೆ ಹಬ್ಬದ ದಿನ ಇಟ್ಟ ಕುಂಕುಮ ಒರೆಸೋದುಂಟೇ? ಅದೂ ನೀವು..." ಉಳಿದ ಮಾತು ನುಂಗಿಕೊಂಡರು.

ನಾನು ಒರೆಸುವ ಬಟ್ಟೆ ಕೈಗೆತ್ತಿಕೊಂಡೆ. ಜವರಪ್ಪ ಅಡ್ಡ ಬಂದ. "ಬ್ಯಾಡಿ ಕಣವ್ವಾ! ಕುಂಕುಮ ಒರುಸ್ಬುಟ್ರೆ ಅಪಶಕುನ!"

ಪಿತ್ತ ನೆತ್ತಿಗೇರಿತು. "ಗಂಡ ಹೋದಾಗ ಕೃಷ್ಣಮೂರ್ತಿಪುರದ ಮನೇಲಿ ನನ್ನ ಹಣೇದು ಒರೆಸಿದ್ರು ಜವರಪ್ಪ. ಬೇಡ ಬೇಡ ಅಂತ ಅಳ್ತಿದ್ದೆ, ಕೈ ಹಿಡ್ಕೊಂಡು ಒರೆಸಿದ್ರು. ಆಗ ಯಾರೂ ಅಪಶಕುನ ಅನ್ನಲಿಲ್ಲ, ಶಾಸ್ತ್ರ ಅಂದ್ರು. ಈಗ ತಗಡಿನ ಡಬ್ಬಿಗೆ ಬಂತೇನೋ ಮುತ್ತೈದೆತನ?"

ಜವರಪ್ಪ ದಾರಿ ಬಿಟ್ಟ. ಒಂದೂ ಬಿಡದೆ ಒರೆಸಿ, ಮತ್ತೆ ತೂಗಿದೆ. ಹತ್ತೊಂಬತ್ತರ ಹತ್ತಿರ ಬಂತು. ಈ ಮಣ್ಣು ಹಾಕಕೂಡದು ಎಂದು ಬರೆದು ಸಾಹೇಬರ ಮುಂದಿಟ್ಟೆ.

"ಮುಹೂರ್ತ ತಪ್ಪುತ್ತೆ. ಮೇಲಿನೋರು ಬೈತಾರೆ. ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ, ನೆನಪಿರಲಿ."

"ಇನ್ನೊಂದು ಮುಹೂರ್ತ ಸಿಗುತ್ತೆ ಸಾರ್. ನನಗೆ ಇನ್ನೊಂದು ಕೆಲಸಾನೂ ಸಿಗಬಹುದು. ಕೊಚ್ಚಿಹೋದ ಊರು ಸಿಗಲ್ಲ."

ಸಾಹೇಬರು ರಿಪೋರ್ಟನ್ನು ಮತ್ತೊಮ್ಮೆ ಓದಿ ಸಹಿ ಹಾಕಿದರು.

"ಜವರಪ್ಪ, ತಟ್ಟೆ ಕೊಡು" ಎಂದೆ. ಅವನು ಅಲ್ಲಾಡಲಿಲ್ಲ. ನಾನೇ ಹೋಗಿ ಬೆರಳದ್ದಿ, ತಕ್ಕಡಿಯ ಗಾಜಿನಲ್ಲಿ ಮುಖ ನೋಡಿಕೊಂಡು, ಕಾಸಿನಗಲ ಕುಂಕುಮ ಇಟ್ಟುಕೊಂಡೆ. ಬೊಟ್ಟು ನೆಟ್ಟಗೇ ಕೂತಿತು.

ರಿಪೋರ್ಟನ್ನು ನಾನೇ ಜೀಪಿಗೆ ಒಯ್ದೆ. ನನ್ನ ಗುರುತಿಲ್ಲದ ಡ್ರೈವರು ಮುಖ ನೋಡಿ ನಕ್ಕ. "ಹಬ್ಬ ಜೋರಾ ಅವ್ವಾ?"

"ಹೂಂ ಕಣಪ್ಪ, ಈ ವರ್ಷ ಜೋರು" ಎಂದೆ.