ನೀಲಾ ಹೋದ ದಾರಿ

ಆರ್‌ಪಿಸಿ ಲೇಔಟಿನ ಆ ಮನೆಯಲ್ಲಿ ಮೀನು ತಿನ್ನುವವರು ಯಾರೂ ಇಲ್ಲ. ಆದರೂ ಎರಡು ವಾರದಿಂದ ಅಲ್ಲಿ ಮೀನಿನದೇ ಮಾತು. ಭಾನುವಾರ ಬೆಳಿಗ್ಗೆ ಸ್ಮೃತಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗಲೂ ಅದೇ ನಡೆದಿತ್ತು.

ಗಂಡ ಚಕ್ರಪಾಣಿ ತನ್ನ ಗಾಳದ ಕ್ಲಬ್ಬಿನವರ ಜೊತೆ ಅಂಡಮಾನಿಗೆ ಹೋಗಿ, ಬೆನ್ನ ಮೇಲೆ ಹಾಯಿಯಂಥ ರೆಕ್ಕೆಯಿರುವ ಆಳುದ್ದದ ಹಾಯಿಮೀನು ಹಿಡಿದಿದ್ದ. ಅದಕ್ಕೆ ಸ್ಯಾಟಲೈಟ್ ಟ್ಯಾಗ್ ಚುಚ್ಚಿಸಿ ಮತ್ತೆ ಕಡಲಿಗೆ ಬಿಟ್ಟು ಬಂದಿದ್ದ. ಆರು ತಿಂಗಳಾದ ಮೇಲೆ ಟ್ಯಾಗ್ ತಾನಾಗಿ ಕಳಚಿ, ನೀರಿನ ಮೇಲೆ ತೇಲಿ, ಮೀನು ಎಲ್ಲೆಲ್ಲಿ ಸುತ್ತಿತೆಂದು ಉಪಗ್ರಹಕ್ಕೆ ತಿಳಿಸುತ್ತದೆ. ಆ ದಾರಿ ಗೊತ್ತಾದರೆ ಅಲ್ಲಿ ಬಲೆ ಬೀಳದಂತೆ ಕಾಯಬಹುದು. ಮಗಳು ರಾಗಿಣಿ ಅದಕ್ಕೆ ನೀಲಾ ಎಂದು ಹೆಸರಿಟ್ಟು, ಫ್ರಿಜ್ಜಿನ ಮೇಲೆ ಕಡಲಿನ ನಕ್ಷೆ ಅಂಟಿಸಿ, ಊಹೆಯ ಮೇಲೆ ದಿನಕ್ಕೊಂದು ಚುಕ್ಕೆ ಇಡುತ್ತಿದ್ದಳು.

"ತಿನ್ನೋರು ಹಸಿವಿಗೆ ಹಿಡೀತಾರೆ. ನಿನಗೇನೋ ಬಂದಿತ್ತು?" ಅತ್ತೆ ಅನಂತಲಕ್ಷ್ಮಿ ಮಗನನ್ನು ಕೆಣಕಿದರು.

"ಬಿಟ್ಬಿಟ್ಟೆನಲ್ಲಮ್ಮ! ಕೊಂದ್ರೆ ತಾನೇ ಪಾಪ?"

ಆಗಲೇ ಬೆಲ್ ಆಯಿತು. ಬಂದವನು ಸುಘೋಷ್, ಅಂದು ದೋಣಿಯಲ್ಲಿದ್ದು ಟ್ಯಾಗ್ ಹಾಕಿದ ಸಂಶೋಧಕ. ರಾಗಿಣಿ ಡ್ಯಾನ್ಸ್ ಕ್ಲಾಸಿಗೆ ಹೋಗಿದ್ದಳು. ಸ್ಮೃತಿ ಕೊಟ್ಟ ಕಾಫಿಯನ್ನು ಅವನು ಮುಟ್ಟಲಿಲ್ಲ.

"ಸಾರ್, ಟ್ಯಾಗ್ ಮೇಲೆ ಬಂದಿದೆ."

"ಇಷ್ಟು ಬೇಗ? ಕಿತ್ತು ಹೋಯ್ತಾ?"

"ಇಲ್ಲ. ಕೆಲವು ದಿನ ಒಂದೇ ಆಳದಲ್ಲಿ ಅಲ್ಲಾಡದೆ ಬಿದ್ದಿದ್ರೆ ತಾನೇ ಕಳಚ್ಕೊಳ್ಳುತ್ತೆ. ಮೀನು ಸತ್ತಾಗ ಹಾಗಾಗುತ್ತೆ." ಅವನು ಲ್ಯಾಪ್‌ಟಾಪ್ ತಿರುಗಿಸಿದ. ಪರದೆಯ ಮೇಲೆ ಆಳ ತೋರಿಸುವ ಒಂದು ಗೆರೆ ನೇರ ಕೆಳಗಿಳಿದು, ತಳದಲ್ಲಿ ಹಾಗೇ ಮಲಗಿತ್ತು. "ನಾವು ಬಿಟ್ಟ ಮಧ್ಯಾಹ್ನವೇ."

"ಶಾರ್ಕ್ ಗೀರ್ಕ್ ತಿಂದಿರುತ್ತೆ ಬಿಡಿ. ಅದು ಈಜ್ಕೊಂಡು ಹೋಗಿದ್ದು ನಾನೇ ನೋಡಿದೀನಿ."

"ತಿಂದಿದ್ರೆ ಟ್ಯಾಗ್ ಶಾರ್ಕ್ ಹೊಟ್ಟೇಲಿ ಓಡಾಡ್ತಿತ್ತು ಸಾರ್. ಇದು ಓಡಾಡೇ ಇಲ್ಲ. ನೀರಿಂದ ಹೊರಗೆ ತುಂಬ ಹೊತ್ತು ಇಟ್ಕೊಂಡ್ವಿ. ತಪ್ಪು ನಂದೂ ಇದೆ. ನಿಮ್ಮೆಲ್ಲರ ಖುಷಿ ನೋಡಿ, ಸಾಕು ಅನ್ನೋಕೆ ಬಾಯಿ ಬರಲಿಲ್ಲ."

ಸ್ಮೃತಿ ಗಂಡನ ಫೋನ್ ತೆಗೆದುಕೊಂಡು ಆ ದಿನದ ವಿಡಿಯೋ ಹಾಕಿದಳು. ಹಿಂದೆ ಎಷ್ಟೋ ಸಲ ನೋಡಿದ್ದಳು, ಅಕ್ಕಪಕ್ಕದವರಿಗೆ ತೋರಿಸಿದ್ದಳು. ಆಗೆಲ್ಲ ಅವಳ ಕಣ್ಣು ಗಂಡನ ನಗುವಿನ ಮೇಲಿತ್ತು. ಈಗ ಮೀನನ್ನು ನೋಡಿದಳು. ಅವನ ತೋಳಲ್ಲಿ ಅದು ಬಾಯಿ ತೆರೆದು ಮುಚ್ಚುತ್ತಿತ್ತು. ಹಿಂದೆ ಯಾರೋ ಕ್ಲಬ್ಬಿನ ಫ್ಲೆಕ್ಸ್ ಬಿಚ್ಚುತ್ತಿದ್ದರು. "ತಡಿ ಗುರು, ಫ್ಲೆಕ್ಸ್ ಉಲ್ಟಾ ಇದೆ!" ಎಂದು ಒಬ್ಬ ಕೂಗಿದ, ಎಲ್ಲರೂ ನಕ್ಕರು. ಫ್ಲೆಕ್ಸ್ ನೆಟ್ಟಗಾಯಿತು. ಆಮೇಲೆ ಒಬ್ಬೊಬ್ಬರೂ ಮೀನು ಹಿಡಿದು ನಿಂತರು. ಮೈಮೇಲಿನ ಹೊಳೆಯುವ ನೀಲಿ ಮಾಸುತ್ತಾ ಮಾಸುತ್ತಾ ಮಣ್ಣಿನ ಬಣ್ಣಕ್ಕೆ ತಿರುಗಿತು. ಹಸುಗೂಸು ರಾಗಿಣಿಗೆ ಎಣ್ಣೆನೀರು ಹಾಕುವಾಗ ಒಮ್ಮೆ ಉಸಿರು ಸಿಕ್ಕಿಕೊಂಡಿತ್ತು. ಆಗ ಆ ಪುಟ್ಟ ಬಾಯಿ ಹೀಗೇ ಗಾಳಿ ಹುಡುಕಿತ್ತು.

"ನೋಡಿ," ಎಂದು ಫೋನನ್ನು ಗಂಡನ ಮುಂದಿಟ್ಟಳು. "ನಿಮ್ಮ ಕೈಯಲ್ಲೇ ಬಣ್ಣ ಹೋಗ್ತಿದೆ."

ಚಕ್ರಪಾಣಿ ಪೂರ್ತಿ ನೋಡಲಿಲ್ಲ.

ಸುಘೋಷ್ ಮೆಲ್ಲಗೆ ಹೇಳಿದ: "ಮುಂದಿನ ತಿಂಗಳು ಕ್ಲಬ್ಬಿನೋರು ಮತ್ತೆ ಹೊರಟಿದಾರೆ. ಅದಕ್ಕೆ ಮುಂಚೆ ಈ ಗೆರೆ, ಈ ವಿಡಿಯೋ ಎರಡನ್ನೂ ಅವರಿಗೆಲ್ಲ ತೋರಿಸ್ಬೇಕು. ಇನ್ನೊಂದು ಮೀನನ್ನ ನೀರಿಂದ ಮೇಲಕ್ಕೆತ್ತಬಾರದು. ನಿಮ್ಮ ಮುಖ ಕಾಣದ ಹಾಗೆ ಮಾಡ್ತೀನಿ, ಚಿಂತೆ ಬೇಡ."

ಚಕ್ರಪಾಣಿ ಕ್ಲಬ್ಬಿನ ಗೆಳೆಯ ಪಂಚಾಕ್ಷರಿಗೆ ಫೋನ್ ಮಾಡಿ ಎಲ್ಲ ಹೇಳಿದ. ಆ ಕಡೆಯ ದನಿ ಅಡುಗೆಮನೆಯವರೆಗೂ ಕೇಳಿಸಿತು.

"ಏನ್ ಮಗಾ, ಮೀನಿಗೆ ತಿಥಿ ಮಾಡ್ತೀಯಾ? ಕಡಲಲ್ಲಿ ಅದೊಂದೇ ಇರೋದಾ? ಫೋಟೋ ಇಲ್ದೆ ಅಷ್ಟು ದೂರ ಯಾಕೋ ಸಾಯೋದು? ನಿನ್ನ ಸೈಂಟಿಸ್ಟಿಗೆ ಹೇಳು, ಬೇರೆ ಟ್ಯಾಗ್ ಹಾಕ್ಕೊಳ್ಲಿ."

ಹತ್ತು ಸಲ ಕೇಳಿದ್ದ ತಮಾಷೆಯ ದನಿಯೇ ಅದು. ಚಕ್ರಪಾಣಿಗೆ ಇವತ್ತು ನಗು ಬರಲಿಲ್ಲ.

ಅಷ್ಟರಲ್ಲಿ ರಾಗಿಣಿ ಬಂದಳು. "ಸುಘೋಷ್ ಅಂಕಲ್! ನೀಲಾ ಎಲ್ಲಿದಾಳೆ? ಶ್ರೀಲಂಕಾ ದಾಟಿದ್ಲಾ?"

ತುಂಬ ದೂರ ಹೋದಳು ಕಣೇ ಎಂಬ ಮಾತು ಸ್ಮೃತಿಯ ತುಟಿಯವರೆಗೆ ಬಂತು. ಅದಕ್ಕೆ ಮೊದಲೇ ಚಕ್ರಪಾಣಿ ಮಗಳ ಮುಂದೆ ಮೊಣಕಾಲೂರಿದ್ದ.

"ಎಲ್ಲಿಗೂ ಹೋಗ್ಲಿಲ್ಲ ಪುಟ್ಟಿ. ಸತ್ತುಹೋದ್ಲು."

"ನೀವು ಬಿಟ್ರಲ್ಲಪ್ಪ?"

"ತಡವಾಗಿ ಬಿಟ್ಟೆ. ಫೋಟೋಗೆ ಹಿಡ್ಕೊಂಡು ನಿಂತಿದ್ದೆ."

ರಾಗಿಣಿ ಅಪ್ಪನ ಕೈಗಳನ್ನೇ ನೋಡಿದಳು. ಆಮೇಲೆ ಹಿಂದೆ ಸರಿದು, ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸುಘೋಷನನ್ನು ಗೇಟಿನ ತನಕ ಬಿಡಲು ಹೋದ ಚಕ್ರಪಾಣಿ, "ನನ್ನ ಮುಖ ಮುಚ್ಚಬೇಡಿ," ಎಂದ. "ಯಾರದ್ದೋ ತಪ್ಪು ಅಂದ್ರೆ ನಕ್ಕು ಸುಮ್ನಾಗ್ತಾರೆ. ತೋರಿಸೋವಾಗ ನಾನೂ ಪಕ್ಕದಲ್ಲಿ ನಿಂತಿರ್ತೀನಿ."

ಒಳಗೆ ಬಂದಾಗ ರೂಮಿನಿಂದ ಬಿಕ್ಕುವ ಸದ್ದು ಕೇಳುತ್ತಿತ್ತು. ಸ್ಮೃತಿ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು.

"ಬೇಡ, ನಾನು ಹೋಗ್ತೀನಿ," ಎಂದು ಅವನು ಬಾಗಿಲು ಸರಿಸಿದ.

ಅವನು ಮಂಚದ ಅಂಚಿಗೆ ಕೂತ. ಮಗಳು ಗೋಡೆಯ ಕಡೆ ತಿರುಗಿಕೊಂಡಳು. ಅವನು ಅವಳನ್ನು ಮುಟ್ಟಲಿಲ್ಲ. ಎದ್ದೂ ಬರಲಿಲ್ಲ.